ನಕ್ಷೆಯ ಗೆರೆಯೂ ಮನೆಯ ಗಂಟೂ

ನಾಗಪುರದಲ್ಲಿ ನೆಲಸಿರುವ ನಮ್ಮ ಕನ್ನಡ ಬಾಂಧವರಲ್ಲಿ, ವಿಶೇಷವಾಗಿ ಸಂಬಳದ ಮೇಲೆ ಬಾಳುವ ತರುಣರಲ್ಲಿ, ಷೇರುಗಳನ್ನು ಕೊಂಡು ಕೆಲವು ದಿನ ಅಥವಾ ಕೆಲವು ವಾರ ಇಟ್ಟುಕೊಂಡು ಮಾರುವ ‘ಸ್ವಿಂಗ್ ಟ್ರೇಡಿಂಗ್’ ವ್ಯವಹಾರದ ಆಸಕ್ತಿ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಹಿರಿಯರು ಇದನ್ನು ಸಟ್ಟಾ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಕಿರಿಯರು ಇದೊಂದು ಶಾಸ್ತ್ರವೆಂದು ವಾದಿಸುತ್ತಾರೆ. ಎರಡೂ ಪೂರ್ಣ ಸತ್ಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಬೆಲೆಯ ಹಿಂದಿನ ಏರಿಳಿತವನ್ನು ನಕ್ಷೆಯಲ್ಲಿ ಬರೆದು ಮುಂದಿನ ನಡೆಯನ್ನು ಊಹಿಸುವುದೇ ತಾಂತ್ರಿಕ ವಿಶ್ಲೇಷಣೆ. ಮೇಣದ ಬತ್ತಿಯಾಕಾರದ ನಕ್ಷೆ ಜಪಾನಿನ ಅಕ್ಕಿಯ ವ್ಯಾಪಾರದಿಂದ ಬಂದುದೆಂದು ಪ್ರತೀತಿ. ಬೆಲೆ ಇಳಿಯುತ್ತ ಬಂದು ಹಿಂದೆ ಎಲ್ಲಿ ನಿಂತಿತ್ತು, ಏರುತ್ತ ಹೋಗಿ ಎಲ್ಲಿ ತಡೆಯಿತು, ಐವತ್ತು ದಿನಗಳ ಸರಾಸರಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ನೋಡಿ ವ್ಯವಹರಿಸುವುದರಲ್ಲಿ ಮಾಟವೂ ಇಲ್ಲ, ಮೋಸವೂ ಇಲ್ಲ. ಇತವಾರಿಯ ಧಾನ್ಯದ ವರ್ತಕನೂ ಧಾರಣೆಯ ಓಟವನ್ನು ನೋಡದೆ ಸರಕು ಕೊಳ್ಳುವುದಿಲ್ಲ.

ಒಳ್ಳೆಯ ಕಂಪನಿಯ ಷೇರನ್ನು ಕೊಂಡು ಮರೆತುಬಿಡುವುದೇ ಲೇಸೆಂದು ಹೇಳುವವರೂ ಉಂಟು. ಈ ಊರಿನಲ್ಲಿಯೇ 1877ರ ಜನವರಿ 1ರಂದು ಜಮ್‌ಶೇಟ್‌ಜಿ ಟಾಟಾ ಅವರ ಎಂಪ್ರೆಸ್ ಗಿರಣಿ ಆರಂಭವಾಯಿತು. ತಲೆಮಾರುಗಳ ಕಾಲ ಅದು ನಾಗಪುರದ ಹೆಮ್ಮೆಯಾಗಿತ್ತು. ಅಂಥ ಗಿರಣಿಯೂ ಕೊನೆಗೆ ಮುಚ್ಚಿಹೋಯಿತು. ಆದುದರಿಂದ ಹೊರಬರುವ ಬಾಗಿಲನ್ನು ತಿಳಿದಿರುವುದು ಯಾವ ಬಗೆಯ ಹೂಡಿಕೆಗೂ ಅವಶ್ಯವೇ. ನಕ್ಷೆಯ ನಿಜವಾದ ಉಪಯೋಗವೂ ಇದರಲ್ಲಿಯೇ ಇದೆ. ಅದು ಲಾಭದ ಭವಿಷ್ಯವನ್ನು ನುಡಿಯುವುದಿಲ್ಲ, ನಮ್ಮ ಊಹೆ ಎಲ್ಲಿ ತಪ್ಪಿತೆಂಬುದನ್ನು ತೋರಿಸುತ್ತದೆ.

ಭವಿಷ್ಯ ನುಡಿಯಲಾರದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 2024ರ ಜೂನ್ 3ರಂದು ಚುನಾವಣೆಯ ಸಮೀಕ್ಷೆಗಳನ್ನು ನಂಬಿ ನಿಫ್ಟಿ ಸೂಚ್ಯಂಕ ಶೇಕಡ 3ಕ್ಕೂ ಮಿಕ್ಕಿ ಏರಿತು. ಮರುದಿನ ಮತ ಎಣಿಕೆಯಾಗುತ್ತಿದ್ದಂತೆ ಸುಮಾರು ಶೇಕಡ 6ರಷ್ಟು ಕುಸಿಯಿತು. ಜೂನ್ 7ರ ವೇಳೆಗೆ 3ರ ಮಟ್ಟವನ್ನು ಮತ್ತೆ ಮುಟ್ಟಿತು. ಸ್ವಂತ ಹಣದ ಅಲ್ಪ ಭಾಗವನ್ನು ಮಾತ್ರ ತೊಡಗಿಸಿದವನು ಆ ವಾರವನ್ನು ಉಳಿದುಕೊಂಡನು. ಸಾಲದ ಹಣ ಹಾಕಿದವನಿಗೆ ಕಾಯುವ ಸ್ವಾತಂತ್ರ್ಯವೇ ಇರಲಿಲ್ಲ.

ಲೆಕ್ಕವನ್ನು ಬಿಡಿಸಿ ಹೇಳುವೆವು. ಒಬ್ಬನ ಬಳಿ ಈ ವ್ಯವಹಾರಕ್ಕೆಂದೇ ಬೇರೆ ತೆಗೆದಿಟ್ಟ 1 ಲಕ್ಷ ರೂಪಾಯಿ ಇದೆಯೆನ್ನೋಣ. ಒಂದು ಬಾರಿಗೆ ಶೇಕಡ 1, ಅಂದರೆ 1,000 ರೂ. ಮಾತ್ರ ಕಳೆದುಕೊಳ್ಳಲು ಅವನು ಸಿದ್ಧ. 200 ರೂ. ಬೆಲೆಯ ಷೇರು 190ಕ್ಕೆ ಇಳಿದರೆ ಮಾರಿಬಿಡುವುದೆಂದು ಮೊದಲೇ ನಿಶ್ಚಯಿಸಿದರೆ ಅವನು ಕೊಳ್ಳಬೇಕಾದುದು 100 ಷೇರು ಮಾತ್ರ. ರಾತ್ರಿಯ ದುರ್ವಾರ್ತೆಯಿಂದ ಬೆಳಗ್ಗೆ ಬೆಲೆ 180ಕ್ಕೇ ತೆರೆದರೆ ‘ಸ್ಟಾಪ್ ಲಾಸ್’ ಇಟ್ಟಿದ್ದರೂ ನಷ್ಟ 2,000 ರೂ. ಆಗುವುದು, ಆದರೂ ಗಂಟು ಉಳಿಯುವುದು. ಅರ್ಧ ಹಣ ಕಳೆದುಕೊಂಡವನಾದರೋ ಮೊದಲಿನ ಸ್ಥಿತಿಗೆ ಬರಲು ಉಳಿದುದನ್ನು ಇಮ್ಮಡಿ ಮಾಡಬೇಕು. ಇದರ ಮೇಲೆ ಕೊಳ್ಳುವಾಗಲೂ ಮಾರುವಾಗಲೂ ವ್ಯವಹಾರ ತೆರಿಗೆಯುಂಟು. 2024ರ ಜುಲೈ 23ರಿಂದ ಅಲ್ಪಾವಧಿಯ ಲಾಭದ ತೆರಿಗೆಯನ್ನು ಶೇಕಡ 15ರಿಂದ 20ಕ್ಕೆ ಏರಿಸಲಾಗಿದೆ.

ಇಷ್ಟು ಶಿಸ್ತು ಇಲ್ಲದವನು ಒಂದು ನಷ್ಟವನ್ನು ತುಂಬಿಕೊಳ್ಳಲು ಫ್ಯೂಚರ್ಸ್, ಆಪ್ಷನ್ಸ್‌ಗಳ ಮಡುವಿಗೆ ಇಳಿಯುತ್ತಾನೆ. ಅಲ್ಲಿಯ ಗತಿಯನ್ನು ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳುತ್ತದೆ: ಮೂರು ವರ್ಷಗಳಲ್ಲಿ ವ್ಯಕ್ತಿಗತ ವ್ಯವಹಾರಸ್ಥರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು.

ಪರಸ್ಥಳದಲ್ಲಿ ಬಾಳುವ ನಮಗೆ ಈ ವಿಚಾರ ಇನ್ನೂ ಹತ್ತಿರದ್ದು. ಊರಿನಲ್ಲಿದ್ದರೆ ಕಷ್ಟಕಾಲಕ್ಕೆ ಹೊಲವುಂಟು, ಅಣ್ಣತಮ್ಮಂದಿರುಂಟು. ಇಲ್ಲಿ ನಮಗೆ ಆಸರೆ ಕೈಯಲ್ಲಿರುವ ಉಳಿತಾಯವೊಂದೇ. ಮಕ್ಕಳ ವಿದ್ಯೆಗೆ, ತಂದೆತಾಯಿಗಳ ಔಷಧಿಗೆ, ಊರಿನ ಮನೆಯ ಮಾಡಿಗೆ ಇಟ್ಟ ಹಣ ನಕ್ಷೆಯ ಗೆರೆಗಳ ಮೇಲೆ ನಡೆಯತಕ್ಕುದಲ್ಲ.

ಕಲಿಯಬೇಡಿರೆಂದು ನಾವು ತರುಣರಿಗೆ ಹೇಳುವುದಿಲ್ಲ. ಆರು ತಿಂಗಳು ಕಾಗದದ ಮೇಲೆಯೇ ಕೊಂಡು ಮಾರಿ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಿರಿ. ಲಾಭದ ಭರವಸೆ ಕೊಡುವ ಸಲಹೆಗಾರನನ್ನು ಅಷ್ಟಕ್ಕೇ ಬಿಟ್ಟುಬಿಡಿರಿ. ಉಳಿದವರಲ್ಲಿಯೂ ಸೆಬಿಯ ನೋಂದಣಿ ಇದೆಯೇ ಎಂದು ಕೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರಿಗೆ ತಿಳಿಸಿ ವ್ಯವಹರಿಸಿರಿ. ಹೆಂಡತಿಯೆದುರಿಗೆ ತೆರೆದು ತೋರಿಸಲಾಗದ ಲೆಕ್ಕದ ಪುಸ್ತಕ, ನಕ್ಷೆ ಎಷ್ಟೇ ಚೆನ್ನಾಗಿದ್ದರೂ, ಆಗಲೇ ನಷ್ಟದ ಪುಸ್ತಕವೆಂದು ತಿಳಿಯತಕ್ಕುದು.