ಮನಸ್ಸಿನ ಆಳ್ವಿಕೆ



ಕಾಮ ಕ್ರೋಧಾದಿ ಆರು ವೈರಿಗಳನ್ನು ಗೆಲ್ಲಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಕೇಳಿದೊಡನೆ ಎಳೆಯರ ಮನಸ್ಸು ಹಿಂಜರಿಯುವುದು ಸಹಜ. ಹಲ್ಲು ಕಚ್ಚಿ ಆಸೆಗಳನ್ನೆಲ್ಲ ಅದುಮಿಟ್ಟು, ನಗೆಯನ್ನೂ ಸೊಗಸನ್ನೂ ತೊರೆದು ಬಾಳುವುದೇ ಸಂಯಮವೆಂದು ಅವರು ಭಾವಿಸುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ಆದರೆ ಬಲವಂತದಿಂದ ಅದುಮಿದ ವಿಕಾರವು ಸಮಯ ದೊರೆತೊಡನೆ ಮತ್ತೆ ತಲೆಯೆತ್ತುತ್ತದೆ. ಪ್ರೀತಿಯೊಂದೇ ಅದನ್ನು ನಿಜವಾಗಿ ಆಳಬಲ್ಲುದೆಂಬುದು ಈಗಿನ ನನ್ನ ಅಭಿಪ್ರಾಯ.

ಇದನ್ನು ನಾನು ಕಲಿತುದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬನು ಮೂರು ದಿನ ಸತತವಾಗಿ ತಡವಾಗಿ ಬಂದನು. ಕಾರಣವನ್ನು ಕೇಳದೆ, ಇಡೀ ತರಗತಿಯೆದುರು ಅವನನ್ನು ಕಟುವಾಗಿ ಹೀಯಾಳಿಸಿದೆನು. ಅವನು ತಲೆ ತಗ್ಗಿಸಿ ನಿಂತನು. ಬಾಗಿಲ ಬಳಿ ನಾಲ್ಕನೆಯ ತರಗತಿಯ ಅವನ ತಮ್ಮನಿದ್ದನು. ನಾನು ಬೈದುದು ಅಣ್ಣನನ್ನು. ಕಣ್ಣೀರು ಹರಿದುದು ತಮ್ಮನ ಕೆನ್ನೆಯ ಮೇಲೆ. ತಂದೆಗೆ ರಾತ್ರಿಪಾಳಿ, ತಾಯಿಗೆ ಕಾಯಿಲೆ. ನೀರು ಹಿಡಿದು, ಗಂಜಿ ಕಾಯಿಸಿ, ತಮ್ಮನ ಕೈಹಿಡಿದು ಕರೆತರುವವನು ಆ ಹುಡುಗನೇ ಎಂಬುದು ಮರುದಿನ ತಿಳಿಯಿತು.

ಆ ಕಿರಿಯನ ಕಣ್ಣೀರು ನನಗೆ ಅಶೋಕನ ಹದಿಮೂರನೆಯ ಬಂಡೆಶಾಸನವನ್ನು ನೆನಪಿಗೆ ತಂದಿತು. ಕ್ರಿ.ಪೂ. ೨೬೧ರ ಸುಮಾರಿಗೆ ಅಶೋಕನು ಕಳಿಂಗವನ್ನು ಜಯಿಸಿದನು. ಒಂದು ಲಕ್ಷ ಜನರು ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರೆಂದೂ ಅವನೇ ಬರೆಯಿಸಿದ್ದಾನೆ. ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ತಮಗೇನೂ ಹಾನಿಯಾಗದೆ ಉಳಿದವರೂ ತಮ್ಮ ಸ್ನೇಹಿತರಿಗೆ, ಬಂಧುಗಳಿಗೆ ಒದಗಿದ ವಿಪತ್ತಿನಿಂದ ನೊಂದರೆಂದು ಅವನು ಮರುಗುತ್ತಾನೆ. ಪ್ರೀತಿ ಇರುವಲ್ಲೆಲ್ಲ ಗಾಯವೂ ಹರಡುವುದೆಂಬ ಅರಿವು ಅದು. ಎದುರಿಗಿರುವವನನ್ನು ಮಾತ್ರ ಕಾಣುವ ಕಣ್ಣಿಗೆ ಸಿಟ್ಟು ನ್ಯಾಯವೆನಿಸುತ್ತದೆ. ಅವನ ಹಿಂದೆ ನಿಂತ ತಮ್ಮನನ್ನೂ ತಾಯಿಯನ್ನೂ ಕಂಡಾಗ ಎತ್ತಿದ ಕೈ ತಾನಾಗಿ ಇಳಿಯುತ್ತದೆ.

ಹಾಗಾದರೆ ಸಂಯಮಿಗೆ ಸುಖವಿಲ್ಲವೇ? ಉತ್ತರ ನಮ್ಮ ಮುಂಬಯಿಯ ಸಮೀಪದಲ್ಲಿಯೇ ಇದೆ. ಇಂದು ಲೋಕಲ್ ರೈಲು ನಿಲ್ಲುವ ನಾಲಾಸೋಪಾರವು ಹಿಂದೆ ಶೂರ್ಪಾರಕವೆಂಬ ರೇವುಪಟ್ಟಣವಾಗಿತ್ತು. ಅಲ್ಲಿ ೧೮೮೨ರಲ್ಲಿ ಪಂಡಿತ ಭಗವಾನಲಾಲ ಇಂದ್ರಜಿಯವರಿಗೆ ಅಶೋಕನ ಎಂಟನೆಯ ಶಾಸನದ ತುಣುಕು ದೊರೆಯಿತು. ೧೯೫೬ರಲ್ಲಿ ಒಂಬತ್ತನೆಯದರ ತುಣುಕೂ ಸಿಕ್ಕಿತು. ಹಿಂದಿನ ಅರಸರು ಬೇಟೆ ಮೊದಲಾದ ವಿಹಾರಗಳಿಗೆ ಹೋಗುತ್ತಿದ್ದರು. ಅಶೋಕನಾದರೋ ವೃದ್ಧರನ್ನೂ ಶ್ರಮಣ ಬ್ರಾಹ್ಮಣರನ್ನೂ ಹಳ್ಳಿಗರನ್ನೂ ಕಾಣುವ ಧರ್ಮಯಾತ್ರೆಯನ್ನು ಕೈಗೊಂಡನು. ಇದರಲ್ಲಿಯೇ ತನಗೆ ಹೆಚ್ಚಿನ ಸಂತೋಷವೆಂದು ಎಂಟನೆಯ ಶಾಸನವು ಹೇಳುತ್ತದೆ. ಅವನು ಯಾತ್ರೆಯನ್ನು ಬಿಡಲಿಲ್ಲ, ಆನಂದವನ್ನೂ ಬಿಡಲಿಲ್ಲ. ಆನಂದದ ದಾರಿಯನ್ನು ಬದಲಿಸಿದನು. ಒಂಬತ್ತನೆಯ ಶಾಸನವು ಸೇವಕರಲ್ಲಿ ಸನ್ನಡತೆ, ಗುರುಗಳಲ್ಲಿ ಗೌರವ, ಜೀವಿಗಳಲ್ಲಿ ದಯೆ, ಇವೇ ನಿಜವಾದ ಮಂಗಳಕಾರ್ಯಗಳೆಂದು ಸಾರುತ್ತದೆ. ಸದ್ಗುಣವು ಮನೆಯ ಅಡಿಗೆಮನೆಯಲ್ಲಿಯೂ ಶಾಲೆಯ ಪಡಸಾಲೆಯಲ್ಲಿಯೂ ಆಚರಿಸತಕ್ಕದ್ದು.

ಅನ್ಯಾಯವನ್ನು ಕಂಡಾಗಲೂ ಕೋಪಿಸಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಅನ್ಯಾಯವನ್ನು ಕಂಡು ಮನಸ್ಸು ಕಾಯದಿದ್ದರೆ ಅದು ಸಂಯಮವಲ್ಲ, ಜಡತೆ. ಆದರೆ ನ್ಯಾಯವನ್ನು ಮಾಡಹೊರಟವನನ್ನು ಕೋಪವೇ ಮೊದಲು ಕೆಡಿಸುತ್ತದೆ. ಕಳಿಂಗದ ಧೌಲಿಯಲ್ಲಿಯೂ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಶಾಸನವೊಂದರಲ್ಲಿ ಅಶೋಕನು ತನ್ನ ಅಧಿಕಾರಿಗಳನ್ನು ಎಚ್ಚರಿಸಿದ್ದಾನೆ. ಅಸೂಯೆ, ಕೋಪ, ನಿಷ್ಠುರತೆ, ಆತುರ, ಆಲಸ್ಯ ಮುಂತಾದವುಗಳಿದ್ದಲ್ಲಿ ನಿಷ್ಪಕ್ಷಪಾತವಾದ ನಡತೆ ಸಾಧ್ಯವಿಲ್ಲವೆಂಬುದು ಅದರ ತಾತ್ಪರ್ಯ. ಅಂದು ನನ್ನ ತರಗತಿಯಲ್ಲಿ ಕೋಪವೂ ಆತುರವೂ ಒಟ್ಟಿಗೆ ಪೀಠವೇರಿದ್ದವು.

ಈ ಸಾಧನೆ ಒಂದು ದಿನದ್ದಲ್ಲ. ಅರಮನೆಯ ಅಡಿಗೆಗಾಗಿ ಮೊದಲು ದಿನವೂ ಲಕ್ಷಾಂತರ ಪ್ರಾಣಿಗಳ ವಧೆಯಾಗುತ್ತಿತ್ತೆಂದೂ, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರವೆಂದೂ, ಮುಂದೆ ಅವೂ ಇಲ್ಲವೆಂದೂ ಮೊದಲನೆಯ ಶಾಸನದಲ್ಲಿದೆ. ಇನ್ನೂ ಮೂರು ಉಳಿದಿವೆ ಎಂದು ಚಕ್ರವರ್ತಿಯೇ ಕಲ್ಲಿನಲ್ಲಿ ಕೊರೆಯಿಸಿದ ಪ್ರಾಮಾಣಿಕತೆ ನನಗೆ ಮೆಚ್ಚು. ಅವನೂ ಪೂರ್ಣನಾಗಿರಲಿಲ್ಲ, ಪಶ್ಚಾತ್ತಾಪದ ನಡುವೆಯೂ ತನಗೆ ದಂಡಿಸುವ ಶಕ್ತಿಯುಂಟೆಂದು ಕಾಡಿನ ಜನರನ್ನು ಎಚ್ಚರಿಸಿದನು. ಅಷ್ಟು ದೂರ ನಡೆದವನಿಗೂ ದಾರಿ ಉಳಿದಿತ್ತೆಂದಾಗ, ಎಡವಿದ ನಾವು ನಿರಾಶರಾಗಬೇಕಾಗಿಲ್ಲ.

ಮರುದಿನ ಅದೇ ತರಗತಿಯೆದುರು ನಾನು ಆ ಹುಡುಗನ ಕ್ಷಮೆ ಕೇಳಿದೆನು. ಮಾಸ್ತರರ ಗೌರವಕ್ಕೆ ಕುಂದೆಂದು ಮನಸ್ಸಿನ ಮದವು ತಡೆಯದಿರಲಿಲ್ಲ. ಅವನು ಏನನ್ನೂ ಹೇಳದೆ ಸಣ್ಣಗೆ ನಕ್ಕನು. ಸಂಜೆ ಅಣ್ಣತಮ್ಮಂದಿರು ಕೈ ಹಿಡಿದು ಗೇಟು ದಾಟುವುದನ್ನು ನೋಡುತ್ತ ನಿಂತಾಗ ನನಗಾದ ಸುಖವನ್ನು, ಬೈದು ಗೆದ್ದ ಯಾವ ದಿನವೂ ನಾನು ಕಂಡಿರಲಿಲ್ಲ. ನಿಮಗೆ ಸಿಟ್ಟು ಬಂದಾಗ, ಬಾಗಿಲ ಬಳಿ ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡಿರಿ. ಮನಸ್ಸಿನ ಆಳ್ವಿಕೆ ಅಲ್ಲಿಂದಲೇ ಆರಂಭವಾಗುತ್ತದೆ.