ಕೈಕೊಟ್ಟಿದ್ದು ಲಿನಕ್ಸ್ ಅಲ್ಲ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರು ಮೊದಲು ಎಡವುವುದು ವೈಫೈ ಹತ್ತಿರ. ಪರದೆ ಬೆಳಗುತ್ತದೆ, ಕನ್ನಡ ಅಕ್ಷರ ಮೂಡುತ್ತದೆ, ನೆಟ್‌ವರ್ಕ್ ಮಾತ್ರ ಇಲ್ಲ. ಪಕ್ಕದವರ ತೀರ್ಪು ಸಿದ್ಧ: "ಪುಕ್ಕಟೆ ಸಿಕ್ಕಿದ್ದು ಅಷ್ಟೇ ಬಿಡಪ್ಪ."

ತೀರ್ಪು ತಪ್ಪು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದಾಗ ಆಡಿದ 'ಫ್ರೀ' ಎಂಬ ಮಾತಿನ ತಿರುಳು ಸ್ವಾತಂತ್ರ್ಯ. ನಾವು ಅದನ್ನು 'ಉಚಿತ' ಎಂದುಕೊಂಡೆವು. ಹಾಗಾಗಿ ಕೆಟ್ಟಾಗಲೆಲ್ಲ ಬೆಲೆಯನ್ನೇ ದೂರುತ್ತೇವೆ.

ಕೆಟ್ಟದ್ದು ಯಾವುದು? ವೈಫೈ ಕಾರ್ಡಿಗೆ ಎರಡು ಬೇಕು: ಕರ್ನಲ್‌ನಲ್ಲಿ ಡ್ರೈವರ್, ಕಾರ್ಡಿನೊಳಗೆ ಓಡುವ ಫರ್ಮ್‌ವೇರ್. ಬ್ರಾಡ್‌ಕಾಮ್ ತನ್ನ ಹಳೆಯ ಚಿಪ್‌ಗಳು ಹೇಗೆ ನಡೆಯುತ್ತವೆಂದು ಹೇಳಲಿಲ್ಲ. ಸ್ವಯಂಸೇವಕರೇ ಮುಚ್ಚಿದ ಡ್ರೈವರನ್ನು ಬಿಚ್ಚಿ ನೋಡಿ, ಅರ್ಥ ಮಾಡಿಕೊಂಡು, ಹೊಸದನ್ನು ಬರೆದರು. ಹೊಸ ಚಿಪ್‌ಗಳಿಗೆ ಕಂಪನಿ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ. ಹಳೆಯವುಗಳ ಫರ್ಮ್‌ವೇರನ್ನು ಮರುಹಂಚಲು ಇಂದಿಗೂ ಅನುಮತಿ ಇಲ್ಲ. ಸ್ವಾತಂತ್ರ್ಯದ ಹಠಕ್ಕೆ ಹೆಸರಾದ ಡೆಬಿಯನ್ 2023ರ 12ನೇ ಆವೃತ್ತಿಯಿಂದ ಮುಚ್ಚಿದ ಫರ್ಮ್‌ವೇರನ್ನೂ ಅನುಸ್ಥಾಪಕದಲ್ಲೇ ಕೊಡುತ್ತಿದೆ. ಆದರೆ ಇದನ್ನು ಅದೂ ಕೊಡಲಾರದು. ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ನೆಟ್ ಬರಲು ನೆಟ್ ಬೇಕು!

ಅಂದರೆ ಕೈಕೊಟ್ಟದ್ದು ಸ್ವತಂತ್ರವಾದ ಭಾಗವಲ್ಲ, ಸ್ವತಂತ್ರವಲ್ಲದ ಭಾಗ. ನಾವು ದುಡ್ಡು ಕೊಟ್ಟು ಕೊಂಡ ಭಾಗ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಎಂದರೆ ಮೊಬೈಲ್. ಗೋಡೆಯಿಂದ ಬರುವ ತಂತಿ ಇಲ್ಲ. ಆದರೆ ದಾರಿ ಆ ಮೊಬೈಲಿನಲ್ಲೇ ಇದೆ. ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಒತ್ತಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. 'ಎಲ್‌ಎಸ್‌ಪಿಸಿಐ' ಆಜ್ಞೆ ಕೊಟ್ಟು ಚಿಪ್ಪಿನ ಹೆಸರು ನೋಡಿ, ಅದರ ಫರ್ಮ್‌ವೇರ್ ಪೊಟ್ಟಣ ಹಾಕಿ, ಮರುಚಾಲನೆ ಮಾಡಿ. ಅಷ್ಟೇ.

ಮುಚ್ಚಿದ ಫರ್ಮ್‌ವೇರ್ ಬಳಸುವುದು ರಾಜಿಯಲ್ಲವೇ ಎನ್ನಬಹುದು. ಹೌದು, ರಾಜಿಯೇ. ನಾಳೆ ಪರೀಕ್ಷೆಗೆ ಅರ್ಜಿ ಹಾಕಬೇಕಾದ ಹುಡುಗಿಗೆ ಉಪದೇಶ ಬೇಡ, ವೈಫೈ ಬೇಕು. ಆದರೆ ರಾಜಿ ಮಾಡಿಕೊಳ್ಳುವಾಗ ಬೀಗ ಹಾಕಿದವರು ಯಾರೆಂದು ಗೊತ್ತಿರಲಿ.

ಸಾಹಿತ್ಯ ಓದುವವರಿಗೆ ಇದೇಕೆ? ಎಡವಟ್ಟು ಶುರುವಾದದ್ದೇ ಒಂದು ಅನುವಾದದಿಂದ. 'ಉಚಿತ ತಂತ್ರಾಂಶ' ಎನ್ನುವುದನ್ನು ಬಿಡೋಣ, 'ಸ್ವತಂತ್ರ ತಂತ್ರಾಂಶ' ಎನ್ನೋಣ. ಆಮೇಲೆ ಮೇಲಿನ ನಾಲ್ಕು ಸಾಲನ್ನು ನಿಮ್ಮೂರಿನ ಕನ್ನಡದಲ್ಲಿ ಬರೆದು ಕಾಲೇಜಿನ ಗೋಡೆಗೆ ಅಂಟಿಸಿ.