ಸುಟ್ಟದ್ದು ಯಾರು ಅಂತಲ್ಲ, ಎಲ್ಲಿ ಅಂತ ಹೇಳಿ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆ ನಮಗೆ ನಿಜವಾಗಿ ಅರ್ಥ ಆಗಿದ್ದು ಹೋದ ಸೆಮಿಸ್ಟರ್‌ನಲ್ಲಿ, ಹಾಸ್ಟೆಲ್ ರೂಮಿನ ನೆಲದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ. ದೊಣ್ಣೆ ನಮ್ಮ ಕೈಯಲ್ಲೇ ಇತ್ತು. ಅದರ ಹೆಸರು ಸೋಲ್ಡರಿಂಗ್ ಐರನ್.

ವಿಷಯ ಇಷ್ಟು. ನಮ್ಮ ರೂಮ್‌ಮೇಟ್ ಊರಿಂದ ಒಂದು ಹಳೇ ಪ್ಲೇಸ್ಟೇಷನ್ 2 ಹೊತ್ತು ತಂದ. ಅವನ ಅಣ್ಣ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. 2000ದಲ್ಲಿ ಜಪಾನಿನಲ್ಲಿ ಮೊದಲು ಬಿಡುಗಡೆಯಾದ ಈ ಕನ್ಸೋಲ್ ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅಣ್ಣನ ಕನ್ಸೋಲಿಗೆ ಯಾವುದೋ ಅಂಗಡಿಯಲ್ಲಿ ಮಾಡ್‌ಚಿಪ್ ಹಾಕಿಸಿದ್ದರು. ಡಿಸ್ಕ್ ಅಸಲಿಯೋ, ಯಾವ ದೇಶದ್ದೋ ಅಂತ ಕನ್ಸೋಲ್ ಮಾಡೋ ತಪಾಸಣೆಯನ್ನು ತಪ್ಪಿಸುವ ಪುಟ್ಟ ಚಿಪ್ ಅದು. ಬಯೋಸ್ ಚಿಪ್ಪಿನ ಕಾಲುಗಳಿಗೆ, ಡಿವಿಡಿ ಭಾಗಕ್ಕೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು ಅದನ್ನು ಕೂರಿಸುತ್ತಾರೆ. ಕೆಲವು ಮಾದರಿಗಳಿಗೆ ಇಪ್ಪತ್ತಕ್ಕೂ ಹೆಚ್ಚು ತಂತಿ ಬೇಕು.

ಅದರಲ್ಲಿ ಒಂದು ತಂತಿ ಬಿಟ್ಟುಕೊಂಡಿತ್ತು. "ಒಂದೇ ತಂತಿ ತಾನೇ ಮಗಾ, ಎರಡು ನಿಮಿಷದ ಕೆಲಸ" ಅಂದ ನಮ್ಮಲ್ಲೊಬ್ಬ. 25 ವ್ಯಾಟಿನ ಐರನ್, ಕಪ್ಪಗೆ ಸುಟ್ಟುಹೋದ ಬಿಟ್, ಫ್ಲಕ್ಸ್ ಇಲ್ಲ. ಬೆಸುಗೆ ಕರಗಲಿಲ್ಲ. ಇನ್ನಷ್ಟು ಒತ್ತಿದೆವು. ಆಮೇಲೆ ಎಳೆದೆವು. ಹಳೇ ಬೆಸುಗೆಯ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. ಪಕ್ಕದ ಎರಡು ಕಾಲುಗಳ ಮೇಲೆ ಸೀಸದ ಗುಡ್ಡೆ ಬೇರೆ. ಆನ್ ಮಾಡಿದರೆ ಕೆಂಪು ದೀಪ ಹಸಿರಾಯಿತು, ಫ್ಯಾನ್ ತಿರುಗಿತು, ಟೀವಿ ಮಾತ್ರ ಕಪ್ಪು.

ಆಮೇಲೆ ನಾವೇನು ಮಾಡಿದೆವು? ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಅಣ್ಣನಿಗೆ ಫೋನ್ ಮಾಡಿ "ಮೊದಲೇ ಹೋಗಿತ್ತು ಅನ್ಸುತ್ತೆ ಅಣ್ಣ, ಆನ್ ಆಗ್ತಿಲ್ಲ" ಅಂದೆವು.

ಈ ಬರಹ ಆ ಸುಳ್ಳಿನ ಬಗ್ಗೆ. ಯಾಕೆಂದರೆ ಅದನ್ನು ನಾವು ಮನೆಯಲ್ಲಿ ಕಲಿಯಲಿಲ್ಲ, ಲ್ಯಾಬಿನಲ್ಲಿ ಕಲಿತೆವು.

ನೀವೇ ಹೇಳಿ. ಸಪ್ಲೈ ಉಲ್ಟಾ ಕೊಟ್ಟು 741 ಸುಟ್ಟಾಗ ಎಷ್ಟು ಜನ ಮೇಡಂ ಹತ್ರ ಹೋಗಿ ಹೇಳಿದ್ದೀರಿ? ನಾವಂತೂ ಇಲ್ಲ. ಸುಟ್ಟ ಐಸಿಯನ್ನು ಮೆಲ್ಲಗೆ ಡಬ್ಬಕ್ಕೆ ವಾಪಸ್ ಹಾಕಿ ಬೇರೆ ತಗೊಳ್ಳುತ್ತೇವೆ. ಹೇಳಿದರೆ ಫೈನ್, ಜೊತೆಗೆ ಎಲ್ಲರ ಮುಂದೆ ಬೈಗುಳ. ಮುಂದಿನ ಬ್ಯಾಚಿನ ಯಾರೋ ಬಡಪಾಯಿ ಅದೇ ಐಸಿ ಎತ್ತಿಕೊಂಡು, ಸರ್ಕ್ಯೂಟ್ ಸರಿಯಿದ್ದರೂ ಔಟ್‌ಪುಟ್ ಬರದೆ, ಇಡೀ ಲ್ಯಾಬ್ ಅವಧಿ ತಲೆ ಕೆರೆದುಕೊಳ್ಳುತ್ತಾನೆ. ಕೊನೆಗೆ ಪಕ್ಕದ ಟೇಬಲ್ಲಿನ ರೀಡಿಂಗ್ ಬರೆದುಕೊಂಡು ಹೊರಡುತ್ತಾನೆ. ಎಷ್ಟೋ ಸಲ ಆ ಬಡಪಾಯಿ ನಾವೇ ಆಗಿದ್ದೇವೆ.

ಅಣ್ಣ ಈಗ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ. ನಮ್ಮ ಮಾತು ಕೇಳಿ ನಕ್ಕುಬಿಟ್ಟ. "ನನ್ ಗ್ಯಾರೇಜಿಗೆ ಬರೋರೆಲ್ಲ ಹೀಗೇ ಅಂತಾರೆ ಕಣ್ರೋ, ತಾನಾಗೇ ನಿಂತ್ಹೋಯ್ತು ಅಂತ. ಯಾರು ಸುಟ್ರಿ ಅಂತ ನಾನ್ ಕೇಳ್ತಿಲ್ಲ. ಎಲ್ಲಿ ಸುಟ್ಟಿದೆ ಹೇಳ್ರಿ, ರಿಪೇರಿ ಅಲ್ಲಿಂದ ತಾನೇ ಶುರು?"

ಆ ಮಾತು ಚುಚ್ಚಿತು. ಹೇಳಿಬಿಟ್ಟೆವು. ಹೇಳಿದ ಮೇಲೆ ಕೆಲಸ ಶುರುವಾಯಿತು.

ಮೊದಲು ನಾವು ಮಾಡಿದ ತಪ್ಪೇನು ಅಂತ ಓದಿಕೊಂಡೆವು. ಬೋರ್ಡಿನ ಗ್ರೌಂಡ್ ಪದರ ಅಗಲವಾದ ತಾಮ್ರದ ಹಾಳೆ. ಅದಕ್ಕೆ ಸೇರಿದ ಜಾಗಕ್ಕೆ ಐರನ್ ಇಟ್ಟರೆ ಶಾಖವನ್ನೆಲ್ಲ ಅದೇ ಹೀರಿಬಿಡುತ್ತದೆ. ಬಿಟ್ ಕಪ್ಪಾಗಿದ್ದರೆ ಇರೋ ಶಾಖವೂ ದಾಟಲ್ಲ. ಲ್ಯಾಬಿನ 63/37 ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಬೆಸುಗೆಗೆ 217 ಡಿಗ್ರಿಗೂ ಹೆಚ್ಚು ಬೇಕು. ಕರಗದಿದ್ದಾಗ ಹೊಸ ಬೆಸುಗೆ, ಫ್ಲಕ್ಸ್ ಸೇರಿಸಬೇಕೇ ಹೊರತು ಬಲ ಹಾಕಬಾರದು. ತಾಮ್ರದ ಗೆರೆಯ ದಪ್ಪ ಸಾಮಾನ್ಯವಾಗಿ ಬರೀ 35 ಮೈಕ್ರಾನ್. ಅದನ್ನು ಬೋರ್ಡಿಗೆ ಹಿಡಿದಿರೋ ಅಂಟು ಹೆಚ್ಚು ಹೊತ್ತಿನ ಬಿಸಿಗೆ ಸೋಲುತ್ತದೆ. ನಾವು ಎಳೆದದ್ದು ಸರಿಯಾಗಿ ಆ ಹೊತ್ತಿನಲ್ಲೇ.

ನಂತರ ಒಂದೊಂದೇ ಹೆಜ್ಜೆ. ಈ ದಪ್ಪ ಮಾದರಿಯಲ್ಲಿ 220 ವೋಲ್ಟಿನ ಪವರ್ ಸಪ್ಲೈ ಒಳಗೇ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದಿರಬಹುದು. ಹಾಗಾಗಿ ಒಂದು ರಾತ್ರಿ ಹಾಗೇ ಬಿಟ್ಟು, ಮಾರನೇ ದಿನ ಮೀಟರಿನಲ್ಲಿ ನೋಡಿಯೇ ಕೈ ಹಾಕಿದೆವು. ಫ್ಲಕ್ಸ್ ಹಚ್ಚಿ, ಡೀಸೋಲ್ಡರಿಂಗ್ ವಿಕ್‌ನಿಂದ ಸೀಸದ ಗುಡ್ಡೆ ತೆಗೆದೆವು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಭೂತಗನ್ನಡಿಯಲ್ಲಿ ಗಾಯ ಸ್ಪಷ್ಟವಾಗಿ ಕಂಡಿತು. ಬಯೋಸಿನ ಒಂದು ಕಾಲಿನಿಂದ ಹೊರಟ ಗೆರೆ ಕೆಲವೇ ಮಿಲಿಮೀಟರ್ ಆಚೆಯ ವಯಾ ತಲುಪೋ ಮೊದಲೇ ತುಂಡಾಗಿತ್ತು. ಮೀಟರಿನಲ್ಲಿ ಬೀಪ್ ಇಲ್ಲ.

ವಯಾ ಪಕ್ಕದ ಹಸಿರು ಪದರವನ್ನು ಸರ್ಜಿಕಲ್ ಬ್ಲೇಡಿನಿಂದ ಮೆಲ್ಲಗೆ ಕೆರೆದು, ತಾಮ್ರ ಹೊಳೆದ ಮೇಲೆ ತೆಳ್ಳಗೆ ಬೆಸುಗೆ ಸವರಿದೆವು. ಹಾಳಾದ ಪುಟ್ಟ ಮೋಟಾರಿನ ಕಾಯಿಲ್‌ನಿಂದ ತೆಗೆದ ಎನಾಮೆಲ್ ತಂತಿಯನ್ನು ಕಾಲಿನಿಂದ ವಯಾವರೆಗೆ ಹಾಕಿದೆವು. ಆನ್ ಮಾಡಿದರೆ ಮತ್ತೆ ಕಪ್ಪು! ಎನಾಮೆಲ್ ಕೆರೆಯದೆ ಬೆಸೆದಿದ್ದೆವು. ನೋಡೋಕೆ ಅಂಟಿದೆ, ಒಳಗೆ ಸಂಪರ್ಕವೇ ಇಲ್ಲ. ಈ ಸಲ ಯಾರೂ ಯಾರಿಗೂ ಸುಳ್ಳು ಹೇಳಲಿಲ್ಲ. ತುದಿ ಕೆರೆದು ಮತ್ತೆ ಬೆಸೆದು, ಬೀಪ್ ಕೇಳಿಸಿಕೊಂಡು, ತಂತಿ ಅಲುಗಾಡದಂತೆ ಗೆಳತಿಯೊಬ್ಬಳು ಕೊಟ್ಟ ನೇಲ್ ಪಾಲಿಶ್ ಹಚ್ಚಿ ಆನ್ ಮಾಡಿದೆವು. ಪರದೆ ಬಂತು.

ಮಾಡ್‌ಚಿಪ್ ಏನು ಮಾಡೋದು ಅಂತ ಅಣ್ಣನನ್ನೇ ಕೇಳಿದೆವು. "ಕಿತ್ತಾಕ್ರಿ. ಒಂದು ಒರಿಜಿನಲ್ ಕ್ರಿಕೆಟ್ ಡಿಸ್ಕ್ ಇದೆ, ಅದು ಓಡಿದ್ರೆ ಸಾಕು" ಅಂದ. ಒಳ್ಳೇದೇ ಆಯಿತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕುಸ್ವಾಮ್ಯ ಉಲ್ಲಂಘಿಸೋ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿಯೋದನ್ನು ಅಪರಾಧ ಅನ್ನುತ್ತದೆ. ಕಳ್ಳ ಡಿಸ್ಕಿನ ವಕಾಲತ್ತು ನಮ್ಮದಲ್ಲ. ಉಳಿದ ತಂತಿಗಳನ್ನು ಒಂದೊಂದಾಗಿ ಬಿಡಿಸಿದೆವು. ಮೊದಲ ತಂತಿಗೆ ಕೈ ನಡುಗಿತ್ತು, ಕೊನೇದಕ್ಕೆ ಇಲ್ಲ.

ಈಗ ನಮ್ಮ ವಾದಕ್ಕೆ ಬರೋಣ. ಲ್ಯಾಬಿನಲ್ಲಿ ನಮಗೆ ಬೆಸೆಯೋದನ್ನು ಹೇಳಿಕೊಟ್ಟಿದ್ದಾರೆ, ಬಿಡಿಸೋದನ್ನಲ್ಲ. ಹೊಸ ಬೋರ್ಡು, ಹೊಸ ರೆಸಿಸ್ಟರ್, ರೆಕಾರ್ಡಿಗೆ ಸಹಿ, ಮುಗಿಯಿತು. ಆದರೆ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮುಂದೆ ಬರೋದು ಯಾರೋ ಮುಟ್ಟಿದ, ಯಾರೋ ಕೆಡಿಸಿದ, ಏನಾಯಿತು ಅಂತ ಯಾರೂ ಬರೆದಿಡದ ಬೋರ್ಡುಗಳೇ. ಅದಕ್ಕೆ ಮೂರು ಬೇಡಿಕೆ.

ಒಂದು, ಪ್ರತಿ ಲ್ಯಾಬಿನಲ್ಲೂ "ಕೆಟ್ಟದ್ದು" ಅಂತ ಒಂದು ಕೆಂಪು ಡಬ್ಬ, ಪಕ್ಕದಲ್ಲಿ ಒಂದು ನೋಟ್‌ಬುಕ್. ಏನು ಕೆಟ್ಟಿತು, ಹೇಗೆ ಕೆಟ್ಟಿತು ಅಂತ ಬರೆದವರಿಗೆ ಫೈನ್ ಬೇಡ. ಎರಡು, ಸೆಮಿಸ್ಟರಿನಲ್ಲಿ ಒಂದೇ ಒಂದು ದಿನ ಸ್ಕ್ರ್ಯಾಪ್ ಬೋರ್ಡಿನ ಮೇಲೆ ರಿಪೇರಿ ಪಾಠ: ಬಿಡಿಸೋದು, ಗೆರೆ ಜೋಡಿಸೋದು, ಮೀಟರ್ ಹಿಡಿದು ಗಾಯ ಹುಡುಕೋದು. ಮೂರು, ಪ್ರತಿ ಟೇಬಲ್ಲಿಗೂ ಫ್ಲಕ್ಸ್ ಮತ್ತು ವಿಕ್.

"ಫೈನ್ ಇಲ್ಲದಿದ್ದರೆ ಹುಡುಗರು ಬೇಕಾಬಿಟ್ಟಿ ಸುಡ್ತಾರೆ" ಅಂತ ಸ್ಟೋರ್ ನೋಡಿಕೊಳ್ಳೋ ಸರ್ ಹೇಳಬಹುದು. ಸ್ಟಾಕಿಗೆ ಲೆಕ್ಕ ಕೊಡಬೇಕಾದವರು ಅವರು, ಅವರ ಕಷ್ಟ ನಿಜವೇ. ಆದರೆ ಸರ್, ಈಗಲೂ ನಾವು ಸುಡ್ತಾನೇ ಇದ್ದೇವೆ. ನಿಮ್ಮ ಲೆಕ್ಕದಲ್ಲಿ ಡಬ್ಬದ ಐಸಿಗಳೆಲ್ಲ ಚೆನ್ನಾಗಿವೆ, ಅಷ್ಟೇ. ಬರೆದಿಟ್ಟರೆ ಯಾವ ಪ್ರಯೋಗದಲ್ಲಿ, ಯಾವ ಕನೆಕ್ಷನ್‌ನಲ್ಲಿ ಹೆಚ್ಚು ಸುಡುತ್ತಿವೆ ಅಂತಾದರೂ ನಿಮಗೆ ಗೊತ್ತಾಗುತ್ತದೆ.

ಕನ್ಸೋಲ್ ಊರಿಗೆ ವಾಪಸ್ ಹೋಗಿದೆ. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿದ್ದೇವೆ: ಗೆರೆ ಎಲ್ಲಿ ಹರಿದಿತ್ತು, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಹರಿದವರು ನಾವೇ. ಇನ್ನು ಹತ್ತು ವರ್ಷ ಬಿಟ್ಟು ಅದನ್ನು ಬಿಚ್ಚುವವರು ನಮ್ಮನ್ನು ಬೈದರೂ ಪರವಾಗಿಲ್ಲ, ಗಾಯ ಹುಡುಕೋಕೆ ಒದ್ದಾಡಬೇಕಿಲ್ಲ.

ನಾಳೆ ನಿಮ್ಮ ಟೇಬಲ್ಲಿನಲ್ಲಿ ಒಂದು ಐಸಿ ಬಿಸಿಯಾಗಿ ವಾಸನೆ ಬಂದರೆ, ಗೆಳೆಯರೇ, ಅದನ್ನು ಆ ಡಬ್ಬಕ್ಕೆ ಮಾತ್ರ ವಾಪಸ್ ಹಾಕಬೇಡಿ. ಕೆಂಪು ಡಬ್ಬ ಬರೋವರೆಗೂ ಒಂದು ಕಾಲನ್ನಾದರೂ ಬಗ್ಗಿಸಿ, ಮೇಡಂ ಕೈಗೆ ಕೊಡಿ.